ಚಿಲಕ ಒಂದೇ ಕಡೆ

ಜನವರಿ ೯

ಗುಬ್ಬೀ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ‘ಎಲ್ಲರೂ’ ಎಂಬಲ್ಲಿ ನಿಂತು ನೀನು ಎರಡು ಸಲ ಓದುತ್ತೀಯ ಎಂದು ಗೊತ್ತು. ಅಚ್ಚಿನ ತಪ್ಪಲ್ಲ. ಇಪ್ಪತ್ತು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವಳು ಇಷ್ಟು ಚಿಕ್ಕ ಮಾತಿನಲ್ಲಿ ಎಡವುವುದಿಲ್ಲ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ಆಡಿದ್ದನ್ನು ತಿದ್ದಲು ಬರುವುದಿಲ್ಲ. ಮೇಲಾಗಿ ನೀನು ಅಲ್ಲಿ ಕ್ಲಿನಿಕ್ಕಿನಲ್ಲಿ ಯಾರದೋ ಕಣ್ಣಿಗೆ ಹನಿ ಬಿಡುತ್ತ “ಹೂಂ, ಹೂಂ” ಅನ್ನುತ್ತಿರುತ್ತೀಯ. ಅದಕ್ಕೇ ಕಾಗದ.

ನಿಮ್ಮಪ್ಪ ನಡುಗೋಡೆಗೆ ಬಾಗಿಲು ಇಟ್ಟಿದ್ದಾರೆ. ಆರು ವರ್ಷದ ಹಿಂದೆ ಕೋರ್ಟು ಬೇರೆವಾಸದ ತೀರ್ಪು ಕೊಟ್ಟು ಮನೆಯನ್ನು ಎರಡು ಮಾಡಿದಾಗ ಎದ್ದ ಗೋಡೆ ಅದು. ಅಡುಗೆಮನೆ, ಹಿಂದಿನ ಕೋಣೆ ನನಗೆ; ಮುಂದಿನ ಕೋಣೆ, ಮರಗೆಲಸದ ಶೆಡ್ಡು ಅವರಿಗೆ. ಊರಿಗೆಲ್ಲ ಬಾಗಿಲು ಮಾಡಿಕೊಡುವ ಬಡಗಿ ನನ್ನ ಮನೆಗೆ ಬರಬೇಕೆಂದರೆ ಬೀದಿ ಸುತ್ತಿ ಬರಬೇಕಿತ್ತು. ಹೋದ ವರ್ಷ ನನಗೆ ಜ್ವರ ಬಂದಿತ್ತಲ್ಲ, ನಿನಗೆ ನೆಗಡಿ ಎಂದು ಹೇಳಿದ್ದೆ, ಆಗ ಹದಿನಾಲ್ಕು ದಿನ ಬಿಸಿನೀರಿನ ಪಾತ್ರೆ ಹಿಡಿದುಕೊಂಡು ಬೀದಿ ಸುತ್ತಿದರು. ಹೊಸ್ತಿಲ ಮೇಲಿಟ್ಟು, ಕೆಮ್ಮಿ, ತಿರುಗಿ ಹೋಗುತ್ತಿದ್ದರು. ಹದಿನೈದನೆಯ ದಿನ ನಾನೇ ಅಂದೆ, “ದಿನಾ ಈ ಮೆರವಣಿಗೆ ಬೇಡ. ಗೋಡೆ ಒಡೀರಿ.”

ಗೋಡೆ ಒಡೆದರು, ಚೌಕಟ್ಟು ಜಡಿದರು. ಚಿಲಕ ನನ್ನ ಕಡೆ, ಧೂಳು ಅವರ ಕಡೆ. ನಗಬೇಡ.

ಮೂರು ತಿಂಗಳಿಂದ ಒಂದೇ ಒಲೆ. ಮಾತು ಕಡಿಮೆ, ಕೆಮ್ಮು ಜಾಸ್ತಿ. ಉಂಡು, ತಟ್ಟೆ ತೊಳೆದಿಟ್ಟು, “ಬರ್ತೀನಿ” ಎಂದು ಆ ಕಡೆ ಹೋಗುತ್ತಾರೆ. ನಾಲ್ಕು ಹೆಜ್ಜೆಯ ಪ್ರಯಾಣಕ್ಕೂ ಹೇಳಿ ಹೋಗುವ ಮನುಷ್ಯರಾಗಿದ್ದಾರೆ.

ಈಗ ವಿಷಯ. ನಮ್ಮ ವಕೀಲೆ ಹೇಳಿದರು, “ನೀವು ಒಂದೇ ಪಾತ್ರೇಲಿ ಉಂಡ್ರೆ ಕೋರ್ಟಿಗೆ ಹೇಗ್ರೀ ಗೊತ್ತಾಗತ್ತೆ? ಬಂದು ಹೇಳೋವರೆಗೂ ಹೊರಗಿನವರ ಪಾಲಿಗೆ ನೀವು ಬೇರೇನೇ. ಆಸ್ಪತ್ರೆಗೂ ಬೇರೆ, ಆಸ್ತಿಗೂ ಬೇರೆ.” ಹಾಗಂತ ಇಬ್ಬರೂ ಜೊತೆಯಾಗಿ ಹೋಗುವ ಹಾಗಿಲ್ಲವಂತೆ. ಒಬ್ಬೊಬ್ಬರೇ, ಬೇರೆ ಬೇರೆ ದಿನ, ನ್ಯಾಯಾಧೀಶರ ಎದುರು ಒಂಟಿಯಾಗಿ ಕೂತು “ನಾವು ಒಂದಾಗಿದ್ದೇವೆ” ಅನ್ನಬೇಕು. ಒಬ್ಬರು ಇನ್ನೊಬ್ಬರನ್ನು ಹೆದರಿಸಿ ಎಳೆತಂದಿಲ್ಲ ಎಂದು ಖಾತ್ರಿಯಾಗಲಿಕ್ಕೆ. ಎರಡು ಹೇಳಿಕೆಯೂ ಸೇರಿದರೆ ತೀರ್ಪು ರದ್ದು.

ನಿಮ್ಮಪ್ಪ ಮಂಗಳವಾರ ಹೋಗಿ ಬಂದರು. ಏನು ಹೇಳಿದಿರಿ ಅಂದರೆ “ಕೇಳಿದ್ದಕ್ಕೆ ಹೇಳ್ದೆ” ಅಂದರು. ನನ್ನ ಸರದಿ ಈ ತಿಂಗಳ ಕೊನೆಗೆ. ಹೋಗುವ ಮುಂಚೆ ನಿನ್ನ ಮಾತು ಬೇಕು. ಆ ತೀರ್ಪಿನಲ್ಲಿ ಅರ್ಧ ನಿನ್ನ ದನಿ ಇದೆ.

ಇಂತಿ,
ನಿನ್ನ ಅಮ್ಮ


ಜನವರಿ ೧೭

ಅಮ್ಮಾ,

ನಿನ್ನ ಕಾಗದವನ್ನು ಊಟದ ಬಿಡುವಿನಲ್ಲಿ ಓದಿದೆ. ಪ್ರಾಸಗಳನ್ನು ಬಿಟ್ಟು ಓದಿದೆ, ಯಾವಾಗಲೂ ಹಾಗೇ.

ಹೋಗಬೇಡ.

ನೀನು ಮರೆತಿದ್ದರೆ ನಾನು ನೆನಪಿಸುತ್ತೇನೆ. ನನಗೆ ಹನ್ನೊಂದು ವರ್ಷ. ಆ ಮನುಷ್ಯ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಹೊರಗಿನಿಂದ ಚಿಲಕ ಹಾಕಿ ಬೀಗ ಜಡಿಯುತ್ತಿದ್ದ. “ಕಾಲ ಕೆಟ್ಟಿದೆ, ಒಳಗಿರಿ” ಅನ್ನುತ್ತಿದ್ದ. ನೀನು ಪ್ರೆಸ್ಸಿನ ಕರಡುಗಳನ್ನು ಕಿಟಕಿ ಸರಳಿನ ನಡುವೆ ಇಸಿದುಕೊಂಡು, ತಿದ್ದಿ, ಅಲ್ಲಿಂದಲೇ ವಾಪಸ್ಸು ಕೊಡುತ್ತಿದ್ದೆ. ನನಗೆ ಶಾಲೆ ಇದ್ದ ದಿನ ಮಾತ್ರ ಬಾಗಿಲು. ಒಂದು ಸಲ ರಜೆಯಲ್ಲಿ ಬೇರೆ ಊರಿನ ಕೆಲಸಕ್ಕೆ ಹೋದವನು ಎರಡು ದಿನ ಬರಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಕೊಡದಲ್ಲಿ ನೀರು ಮುಗಿಯಿತು. ನಾನು ಅಳಬಾರದು ಎಂದು ನೀನು ಆಗಲೂ ಪ್ರಾಸ ಕಟ್ಟುತ್ತಿದ್ದೆ. ಅದಕ್ಕೇ ನನಗೆ ಪ್ರಾಸ ಕೇಳಿದರೆ ಬಾಯಾರುತ್ತದೆ.

ಹದಿನಾರು ವರ್ಷಕ್ಕೆ ಕಟಕಟೆಯಲ್ಲಿ ನಿಂತು ಇಷ್ಟನ್ನೂ ಹೇಳಿದವಳು ನಾನು. ಅವನ ವಕೀಲ “ಯಾರು ಹೇಳಿಕೊಟ್ರಮ್ಮ ಈ ಕಥೇನ?” ಎಂದು ನಕ್ಕಾಗಲೂ ಹೇಳಿದೆ. ಅವನು ಎದ್ದು ನಿಂತು “ಎಲ್ಲ ಸುಳ್ಳು” ಅಂದಾಗಲೂ ಹೇಳಿದೆ. ಈಗಲೂ ಹಾಸ್ಟೆಲಿನಲ್ಲಿ ಬಾಗಿಲು ತೆರೆದಿಟ್ಟೇ ಮಲಗುತ್ತೇನೆ. ರೂಮಿನವಳು “ಕಾವಲು ಕಾಯೋಕೆ ಬೇರೆ ಸಂಬಳ ಕೊಡ್ತಾರೇನೇ ನಿಂಗೆ?” ಅನ್ನುತ್ತಾಳೆ.

ಉಣ್ಣು, ಮಾತಾಡು, ಅದು ನಿನ್ನಿಷ್ಟ. ಆ ತೀರ್ಪಿನ ಕಾಗದವನ್ನು ಮಾತ್ರ ವಾಪಸ್ಸು ಕೊಡಬೇಡ. ಕೊಟ್ಟರೆ ನಾನು ಆ ಮನೆಗೆ ಕಾಲಿಡುವುದಿಲ್ಲ.

ಇಂತಿ,
ಗುಬ್ಬಿ


ಫೆಬ್ರವರಿ ೨

ಗುಬ್ಬೀ,

ಹೋಗಲಿಲ್ಲ. ನಿರಾಳವಾಗಿರು.

ನಿನ್ನ ತಲೆಗೆ ಕಟ್ಟುತ್ತಿಲ್ಲ. ನನ್ನಲ್ಲೂ ಒಂದು ಕಳ್ಳತನವಿದೆ. ಆ ತೀರ್ಪಿನ ಪ್ರತಿ ನನ್ನ ಪೆಟ್ಟಿಗೆಯಲ್ಲಿ, ಬಟ್ಟೆಯ ಅಡಿಯಲ್ಲಿದೆ. ನಮ್ಮ ಮನೆಯಲ್ಲಿ ಅದು ಮೂರನೆಯ ಆಳು. ಅದು ಇರುವುದರಿಂದ ಈ ಮನುಷ್ಯರ ದನಿ ಇಳಿದಿದೆಯೋ, ದನಿ ತಾನಾಗಿ ಇಳಿದದ್ದರಿಂದ ಅದು ಸುಮ್ಮನೆ ಮಲಗಿದೆಯೋ, ನನಗೆ ತಿಳಿಯದು. ತಿಳಿಯಬೇಕೆಂದರೆ ಅದನ್ನು ಹರಿದು ನೋಡಬೇಕು. ಅಷ್ಟು ಎದೆಗಾರಿಕೆ ಇದ್ದಿದ್ದರೆ ನಾನು ಕರಡು ತಿದ್ದುತ್ತಿರಲಿಲ್ಲ, ಪುಸ್ತಕ ಬರೆಯುತ್ತಿದ್ದೆ.

ನಿನ್ನೆ ಕೇಳಿದರು, “ಹೋಗಿದ್ಯಾ?”

“ಇಲ್ಲ. ಪ್ರೆಸ್ಸಲ್ಲಿ ಕೆಲಸ ಜಾಸ್ತಿ.”

“ಹೂಂ.” ಗರಗಸಕ್ಕೆ ಎಣ್ಣೆ ಸವರುತ್ತ ಕೂತರು. ಮತ್ತೆ ಕೇಳಿಲ್ಲ, ಕೇಳುವ ಹಾಗೂ ಕಾಣುವುದಿಲ್ಲ.

ಕೋರ್ಟಿನಲ್ಲಿ ದೂರ, ಒಲೆಯ ಮುಂದೆ ಹತ್ತಿರ. ಹೀಗೇ ನಡೆಯಲಿ ಬಿಡು.

ಇಂತಿ,
ನಿನ್ನ ಅಮ್ಮ


ಜೂನ್ ೧೧

ಗುಬ್ಬೀ,

ಸೋಮವಾರ ಬೆಳಿಗ್ಗೆ ಕಿಟಕಿ ಚೌಕಟ್ಟು ಉಜ್ಜುತ್ತಿದ್ದವರು ಉಜ್ಜುತ್ತಲೇ ಒಂದು ಬದಿಗೆ ವಾಲಿದರು. ಸದ್ದು ನಿಂತದ್ದು ನನಗೆ ಈ ಕಡೆ ಕೇಳಿಸಿತು. ಬಲಗೈ ಬಲಗಾಲು ಬಿದ್ದುಹೋಗಿವೆ. ಮಾತು ಹೋಗಿದೆ. ಜೀವ ಇದೆ.

ಆಸ್ಪತ್ರೆಯಲ್ಲಿ ರೋಗಿಯನ್ನು ನೋಡಲು ಬಂದವರಿಗೆ ಒಂದು ಚೀಟಿ ಕೊಡುತ್ತಾರೆ. ನಮ್ಮ ಪ್ರೆಸ್ಸಿನಲ್ಲೇ ಅಚ್ಚಾದದ್ದು. ‘ಸಂಬಂಧ’ ಎಂಬುದರ ಮುಂದೆ ಜಾಗ ಸಾಲದು ಎಂದು ಕರಡಿನಲ್ಲೇ ಗುರುತು ಹಾಕಿದ್ದೆ, ಮಾಲೀಕರು ಕೇಳಲಿಲ್ಲ. ಅಲ್ಲಿ ‘ಹೆಂಡತಿ’ ಎಂದು ಬರೆದೆ. ಕೌಂಟರಿನ ಹುಡುಗಿ ಕಂಪ್ಯೂಟರಿನ ಮೇಲೆ ಬೆರಳಿಟ್ಟಳು.

“ಅಮ್ಮಾ, ಇಲ್ಲಿ ಬೇರೆವಾಸ ಅಂತ ತೋರಿಸ್ತಿದೆ. ಹೆಂಡತಿ ಅಂತ ತಗೊಳ್ಳಕ್ಕಾಗಲ್ಲ.”

“ಈಗ ಒಂದಾಗಿದ್ದೀವಿ ಕಣಮ್ಮಾ.”

“ಕೋರ್ಟಿನ ಕಾಗದ ಇದ್ಯಾ?”

“ಅರ್ಧ ಇದೆ.”

“ಅರ್ಧ ನಡೆಯಲ್ಲಮ್ಮಾ.” ಒಳ್ಳೆಯ ಹುಡುಗಿಯೇ. ಹಿಂದೆ ನಿಂತವರು ಗೊಣಗುತ್ತಿದ್ದರೂ ತಾನೇ ಒಂದು ದಾರಿ ಹುಡುಕಿದಳು. “ನೀವಿರೋದೆಲ್ಲಿ?”

“ಅವರ ಗೋಡೆಯ ಈಚೆ.”

“ಹಾಗಾದ್ರೆ ಪಕ್ಕದ ಮನೆಯವರು ಅಂತ ಹಾಕ್ಲಾ?”

ಹಾಕಿದಳು. ಆ ಜಾಗದಲ್ಲಿ ಅಷ್ಟು ಅಕ್ಷರ ಹಿಡಿಸಲಿಲ್ಲ, ಅಂಚಿನ ಮೇಲೆ ಹೋಯಿತು. ಪಕ್ಕದ ಮನೆಯವರಿಗೆ ದಿನಕ್ಕೆ ಹದಿನೈದು ನಿಮಿಷ.

ಈಗ ಅವರ ಪರವಾಗಿ ಸಹಿ ಹಾಕುವ ಅಧಿಕಾರ ಇಡೀ ಭೂಮಿಯ ಮೇಲೆ ನಿನ್ನೊಬ್ಬಳಿಗೇ ಇದೆ. ಆಸ್ಪತ್ರೆಯವರು ನಿನಗೆ ಎರಡು ಅರ್ಜಿ ಕಳಿಸುತ್ತಾರೆ. ಒಂದು ಮನೆಗೆ ಬಿಡಲು, ಇನ್ನೊಂದು ಆರೈಕೆ ಕೇಂದ್ರಕ್ಕೆ ಸೇರಿಸಲು. ಮನೆಯದಕ್ಕೆ ಸಹಿ ಹಾಕು. ಮಂಚವನ್ನು ನಡುಬಾಗಿಲ ಹತ್ತಿರ ಎಳೆದಿಟ್ಟಿದ್ದೇನೆ. ಪ್ರೆಸ್ಸಿನವರು ಕರಡುಗಳನ್ನು ಮನೆಗೇ ಕಳಿಸಲು ಒಪ್ಪಿದ್ದಾರೆ. ಸಹಿ ನಿನ್ನದು, ಸೇವೆ ನನ್ನದು. ನೀನು ಕ್ಷಮಿಸಬೇಕಾಗಿಲ್ಲ, ಬರಬೇಕಾಗಿಯೂ ಇಲ್ಲ. ಬರೀ ಒಂದು ಸಹಿ.

ಇಂತಿ,
ನಿನ್ನ ಅಮ್ಮ


ಜೂನ್ ೧೯

ಅಮ್ಮಾ,

ಎರಡೂ ಅರ್ಜಿ ಬಂದವು. ಎರಡು ದಿನ ಮೇಜಿನ ಮೇಲಿಟ್ಟುಕೊಂಡು ನೋಡಿದೆ. ಆರೈಕೆ ಕೇಂದ್ರದ್ದಕ್ಕೆ ಸಹಿ ಹಾಕಿ ಇವತ್ತು ಕಳಿಸಿದೆ.

ಸಿಟ್ಟಾಗಬೇಡ. ಆ ದೇಹವನ್ನು ಎತ್ತಿ ಇಳಿಸುವುದು, ಮಗ್ಗುಲು ಬದಲಿಸುವುದು, ಒರೆಸುವುದು, ಹತ್ತು ವರ್ಷವಾದರೂ ಆಗಬಹುದು ಎಂದು ಇಲ್ಲಿಯ ಡಾಕ್ಟರು ಹೇಳಿದರು. ಕರಡುಗಳು ಮತ್ತೆ ಮನೆಗೆ ಬರುತ್ತವೆ ಎಂದು ನೀನು ಸಂತೋಷವಾಗಿ ಬರೆದಿದ್ದೀಯ. ನನಗೆ ಆ ಕಿಟಕಿ ಕಾಣಿಸಿತು. ಅವನು ಮತ್ತೆ ನಿನ್ನನ್ನು ಒಳಗೆ ಕೂಡಿಹಾಕುತ್ತಾನೆ ಅಮ್ಮಾ, ಈ ಸಲ ಬೀಗವೂ ಬೇಕಾಗಿಲ್ಲ, ಮಲಗಿಯೇ.

ನಿನಗೆ ನಲವತ್ತಾರು. ನನಗೆ ನೀನೊಬ್ಬಳೇ ಇರುವುದು. ನಾನು ಮಾಡಿದ್ದು ನಿನಗೋಸ್ಕರ.

ಇಂತಿ,
ಗುಬ್ಬಿ


ಜೂನ್ ೩೦

ಗುಬ್ಬಿಗೆ,

ಕೇಂದ್ರ ಬಸ್ಸಿನಲ್ಲಿ ಒಂದೂವರೆ ಗಂಟೆ ದಾರಿ. ಚೊಕ್ಕಟವಾಗಿದೆ. ಪಕ್ಕದ ಮನೆಯವರಿಗೆ ಭಾನುವಾರ ಮಾತ್ರ, ಮೂರರಿಂದ ನಾಲ್ಕು.

ಒಂದು ಮಾತು ವಾಪಸ್ಸು ಬಂದಿದೆ. “ಇಲ್ಲ.” ಅದೊಂದೇ, ಎಲ್ಲದಕ್ಕೂ ಅದೇ. “ನೀರು ಬೇಕಾ?” ಅಂದರೆ “ಇಲ್ಲ” ಎಂದು ಲೋಟ ಹಿಡಿದು ಗಟಗಟ ಕುಡಿಯುತ್ತಾರೆ. “ನಾನು ಯಾರು ಗೊತ್ತಾಯ್ತಾ?” ಅಂದೆ. “ಇಲ್ಲ” ಎಂದು ನನ್ನ ಬೆರಳು ಹಿಡಿದುಕೊಂಡರು. ಆ ಮಾತೊಂದೇ ಮೆದುಳಿನಲ್ಲಿ ಉಳಿದಿದೆ, ಉಳಿದವೆಲ್ಲ ಅದರ ಬಾಯಿಂದಲೇ ಹೊರಗೆ ಬರಬೇಕು ಎಂದು ಅಲ್ಲಿಯ ನರ್ಸಮ್ಮ ಹೇಳಿದರು.

ಕೋಣೆಗಳಿಗೆ ಹೊರಗಿನಿಂದ ಚಿಲಕ. ರೋಗಿಗಳು ಎದ್ದು ಹೋಗಿ ಬೀಳಬಾರದು ಎಂದು.

ನಾಲ್ಕಕ್ಕೆ ಗಂಟೆ ಹೊಡೆದರು. “ಹೊರಡ್ಲಾ?” ಅಂದೆ. “ಇಲ್ಲ” ಅಂದರು. ಅದೊಂದು ಮಾತ್ರ ಸರಿಯಾದ ಜಾಗದಲ್ಲಿ ಬಿತ್ತು.

ಅಮ್ಮ


ಆಗಸ್ಟ್ ೪

ಗುಬ್ಬಿಗೆ,

ಕೋರ್ಟಿಗೆ ಹೋಗಿದ್ದೆ. ಆರು ತಿಂಗಳು ತಡವಾಗಿ ನನ್ನ ಪಾಲಿನ ಹೇಳಿಕೆ ಕೊಟ್ಟೆ. ನ್ಯಾಯಾಧೀಶರು ಹೆಂಗಸು, ನಿಧಾನಸ್ಥರು, ಪೂರ್ತಿ ಕೇಳಿದರು. ಕೊನೆಗೆ ಅಂದರು, “ನಿಮ್ಮ ಯಜಮಾನರು ಹೇಳಿಕೆ ಕೊಟ್ಟು ಬಹಳ ದಿನ ಆಯ್ತಲ್ಲಮ್ಮ. ಅವರ ಮನಸ್ಸು ಈಗಲೂ ಹಾಗೇ ಇದೆಯಾ ಅಂತ ಒಂದು ಸಲ ಕೇಳಿಬಿಡ್ತೀವಿ. ಕೇಳಿದ್ರೆ ಮುಗೀತು.”

ಕೇಳಲು ಒಬ್ಬ ಅಧಿಕಾರಿಯನ್ನು ಕಳಿಸಿದರು. ಮಾತಿನ ಸ್ಥಿತಿ ಹೀಗಿದೆ ಎಂದು ನಾನು ಅವರಿಗೆ ದಾರಿಯುದ್ದಕ್ಕೂ ಹೇಳಿದೆ. “ಅದನ್ನ ಡಾಕ್ಟರು ಬರೆದುಕೊಡ್ಬೇಕು, ನೀವಲ್ಲ” ಅಂದರು. ನಿಯಮದಂತೆ ನಾನು ಹೊರಗೆ. ಬಾಗಿಲ ಹಿಂದೆ ಎಲ್ಲ ಕೇಳಿಸುತ್ತಿತ್ತು.

“ಹೆಂಡತಿಯ ಜೊತೆ ಮತ್ತೆ ಸಂಸಾರ ಮಾಡಲು ಒಪ್ಪಿಗೆ ಇದೆಯೇ?”

“ಇಲ್ಲ.”

“ಜನವರಿಯಲ್ಲಿ ಕೊಟ್ಟ ಹೇಳಿಕೆಗೆ ಈಗಲೂ ಬದ್ಧರೇ?”

“ಇಲ್ಲ.”

“ಹೀಗೆ ಹೇಳಲು ಯಾರಾದರೂ ಬಲವಂತ ಮಾಡಿದ್ದಾರೆಯೇ?”

“ಇಲ್ಲ.”

ಹೆಸರು ಕೇಳಿದ್ದರೂ ಇಲ್ಲವೆಂದೇ ಅನ್ನುತ್ತಿದ್ದರು. ಆದರೆ ಹೆಸರನ್ನು ಮಹಾಶಯರು ಮೊದಲೇ ಬರೆದುಕೊಂಡಿದ್ದರು. ಒಂದೊಂದು “ಇಲ್ಲ”ದ ಜೊತೆಗೂ ಮಂಚದ ಸರಳನ್ನು ಎಡಗೈಯಿಂದ ಬಡಿಯುವ ಸದ್ದು ಬರುತ್ತಿತ್ತು. ಸದ್ದು ಬರೆದುಕೊಳ್ಳುವ ನಿಯಮವಿಲ್ಲ. ನಾನು ಹೊರಗೆ ನಿಂತು ನಕ್ಕುಬಿಟ್ಟೆ. ಆಯಾ ಓಡಿಬಂದು ನೀರು ಕೊಟ್ಟಳು.

ನನ್ನ ಅರ್ಜಿ ವಜಾ ಆಯಿತು. ಡಾಕ್ಟರ ಪತ್ರದೊಂದಿಗೆ ಇನ್ನೊಮ್ಮೆ ಹಾಕಬಹುದು, ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದು ವಕೀಲೆ ಹೇಳಿದರು. ಅದಕ್ಕಿಂತ ಹತ್ತಿರದ ದಾರಿ ನೀನು. ಆ ಇನ್ನೊಂದು ಅರ್ಜಿಗೆ ಸಹಿ ಹಾಕಿದರೆ ಮೂರೇ ದಿನದಲ್ಲಿ ಅವರನ್ನು ಮನೆಗೆ ಬಿಡುತ್ತಾರೆ.

ಬೇಡುವುದು ನನಗೆ ಅಭ್ಯಾಸವಿಲ್ಲ. ಬೇಡುತ್ತಿದ್ದೇನೆ.

ಅಮ್ಮ


ಆಗಸ್ಟ್ ೧೩

ಅಮ್ಮಾ,

ಮುಂದಿನ ತಿಂಗಳು ಇಪ್ಪತ್ತಕ್ಕೆ ನಾಲ್ಕು ದಿನ ರಜೆ ಸಿಗುತ್ತದೆ. ಬರುತ್ತೇನೆ. ಕೇಂದ್ರವನ್ನು ನೋಡುತ್ತೇನೆ, ನಿನ್ನ ಆ ಬಾಗಿಲನ್ನೂ ನೋಡುತ್ತೇನೆ. ಸಹಿಯ ಮಾತು ಆಮೇಲೆ. ಅರ್ಜಿಯನ್ನು ಮತ್ತೆ ತರಿಸಿ ಕೈಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಇನ್ನೂ ತುಂಬಿಲ್ಲ.

ಒಂದು ಕೇಳಬೇಕು. ಅಲ್ಲಿಯ ಕೋಣೆಗಳಿಗೆ ಹೊರಗಿನಿಂದ ಚಿಲಕ ಎಂದು ಬರೆದೆಯಲ್ಲ, ಅದು ನನ್ನನ್ನು ಚುಚ್ಚಲಿಕ್ಕೋ?

ಗುಬ್ಬಿ


ಆಗಸ್ಟ್ ೨೨

ಗುಬ್ಬಿಗೆ,

ಇದ್ದದ್ದನ್ನು ಬರೆದೆ. ಇಪ್ಪತ್ತಕ್ಕಿಂತ ಮುಂಚೆ ಬರಲು ಆಗುತ್ತದೆಯೇ ನೋಡು.

ಅಮ್ಮ


ಸೆಪ್ಟೆಂಬರ್ ೨೪

ಅಮ್ಮಾ,

ಮನೆಯಲ್ಲಿದ್ದ ಮೂರು ದಿನವೂ ನೀನು ನನ್ನ ಜೊತೆ ಮಾತಾಡಲಿಲ್ಲ. ಊಟ ಬಡಿಸಿದೆ, ಹಾಸಿಗೆ ಹಾಸಿದೆ, ಮಾತಾಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆ ಗುರುವಾರ ಬೆಳಿಗ್ಗೆ ಹತ್ತಕ್ಕೇ ಕೇಂದ್ರದವರು ಫೋನು ಮಾಡಿದ್ದರು, ಉಸಿರು ಕೆಟ್ಟಿದೆ, ಯಾರಾದರೂ ಬನ್ನಿ ಎಂದು. ಕ್ಲಿನಿಕ್ಕಿನಲ್ಲಿ ನಾವು ಫೋನನ್ನು ಕಪಾಟಿನಲ್ಲಿಟ್ಟು ಒಳಗೆ ಹೋಗಬೇಕು. ಮಧ್ಯಾಹ್ನ ಎರಡಕ್ಕೆ ತೆಗೆದಾಗ ಐದು ಕರೆ. ಐದನೆಯದರ ಹೊತ್ತಿಗೆ ಉಸಿರು ನಿಂತುಹೋಗಿತ್ತು. ನಾನು ಒಂದು ದಿನದ ದಾರಿ ದೂರ. ಒಂದೂವರೆ ಗಂಟೆಯ ದೂರದಲ್ಲಿ ನೀನು ಕರಡು ತಿದ್ದುತ್ತ ಕೂತಿದ್ದೆ. ತಿಳಿಸಬೇಕಾದವರ ಪಟ್ಟಿಯಲ್ಲಿ ಒಂದೇ ಹೆಸರಿತ್ತು. ಆ ಪಟ್ಟಿ ತುಂಬಿದವಳು ನಾನೇ.

ಹೊರಡುವ ದಿನ ಕೋರ್ಟಿಗೆ ಹೋದೆ. ವಾರಸುದಾರರು ಸಹಿ ಹಾಕಿದರೆ ಕಡತ ಮುಚ್ಚುತ್ತಾರಂತೆ. ಗುಮಾಸ್ತರು ಕಡತ ನನ್ನ ಮುಂದಿಟ್ಟು ಚಹಾಕ್ಕೆ ಎದ್ದುಹೋದರು. ಅಪ್ಪನ ಜನವರಿಯ ಹೇಳಿಕೆ ಅದರಲ್ಲಿತ್ತು. ನಕಲು ಮಾಡಿಕೊಂಡೆ.

ಪ್ರಶ್ನೆ: ಹೆಂಡತಿಯ ಜೊತೆ ಮತ್ತೆ ವಾಸವಾಗಿದ್ದೀರಾ?

ಉತ್ತರ: ನಡುಗೋಡೆಗೆ ಬಾಗಿಲು ಇಟ್ಟಿದ್ದೀನಿ. ಅವಳು ತೆಗೆದಾಗ ಹೋಗ್ತೀನಿ.

ಪ್ರಶ್ನೆ: ತೆಗೆಯದಿದ್ದರೆ?

ಉತ್ತರ: ನನ್ನ ಕಡೆ ಇರ್ತೀನಿ. ಚಿಲಕ ಅವಳ ಕಡೆ ಮಾತ್ರ ಹಾಕಿರೋದು. ನನ್ನ ಕಡೆ ಹಿಡಿಕೆನೂ ಇಟ್ಟಿಲ್ಲ.

ಪ್ರಶ್ನೆ: ಯಾಕೆ?

ಉತ್ತರ: ಯಾಕೆ ಅಂತ ನನ್ನ ಮಗಳು ಇದೇ ಕೋರ್ಟಲ್ಲಿ ಹೇಳಿದ್ದಾಳೆ. ಅವತ್ತು ನಾನು ಎಲ್ಲ ಸುಳ್ಳು ಅಂದಿದ್ದೆ. ಅವಳು ಹೇಳಿದ್ರಲ್ಲಿ ಒಂದೂ ಸುಳ್ಳಿಲ್ಲ. ಅದನ್ನೂ ಬರ್ಕೊಳ್ಳಿ.

ಪ್ರಶ್ನೆ: ತೀರ್ಪು ರದ್ದಾಗಬೇಕೆಂಬುದು ನಿಮ್ಮ ಇಚ್ಛೆಯೇ?

ಉತ್ತರ: ಹೌದು. ಆದ್ರೆ ಅವಳು ಬರ್ದೇ ಇದ್ರೆ ಯಾಕೆ ಬರಲಿಲ್ಲ ಅಂತ ಕೇಳಬೇಡಿ. ಆ ಕಾಗದ ಬೇಕು ಅಂದ್ರೆ ಇಟ್ಕೊಳ್ಳಲಿ.

ಇಷ್ಟೇ ಇದ್ದದ್ದು. ಕೆಳಗೆ ಸಹಿ, ಬಡಗಿ ಪೆನ್ಸಿಲಿನಲ್ಲಿ ಗುರುತು ಹಾಕಿದ ಹಾಗೆ ಒತ್ತಿ ಬರೆದದ್ದು.

ಅಮ್ಮಾ, ಚಿಲಕದ ವಿಷಯ ನೀನು ಮೊದಲ ಕಾಗದದಲ್ಲೇ ಬರೆದಿದ್ದೆ. ಮನೆಯಿಂದ ಬಂದವಳು ಹುಡುಕಿ ನೋಡಿದೆ. ಪ್ರಾಸ ಎಂದು ದಾಟಿಕೊಂಡು ಹೋಗಿದ್ದೆ.

ತುಂಬದ ಅರ್ಜಿ ಇನ್ನೂ ಚೀಲದಲ್ಲೇ ಇದೆ. ಬೈದಾದರೂ ಬರೆ.

ಇಂತಿ,
ಗುಬ್ಬಿ


ಅಕ್ಟೋಬರ್ ೬

ಗುಬ್ಬಿಗೆ,

ನಕಲು ತಲುಪಿತು. ಓದಿದೆ. ತಿದ್ದುವಂಥದ್ದು ಏನೂ ಇರಲಿಲ್ಲ.

ವಕೀಲೆ ಬಂದಿದ್ದರು. ಆ ತೀರ್ಪಿನ ಪ್ರಕಾರ, ಅದು ರದ್ದಾಗುವ ಮುಂಚೆ ಗಂಡ ಸತ್ತರೆ ಹೆಂಡತಿಗೆ ಅವನದರಲ್ಲಿ ಪಾಲಿಲ್ಲ. ಮುಂದಿನ ಕೋಣೆ, ಶೆಡ್ಡು, ಹತಾರಗಳು, ಗೋಡೆಯ ಆ ಮೈ, ಎಲ್ಲ ನಿನ್ನದು. ಬೇಡವೆಂದು ನೀನು ನನಗೆ ಬರೆದುಕೊಡಬಹುದಂತೆ. ಬರೆದುಕೊಡಬೇಡ. ಸಹಿ ಹಾಕಿ ಸರಿಮಾಡುವ ಕೆಲಸ ಈ ಮನೆಯಲ್ಲಿ ಸಾಕು.

ಬೈ ಎಂದು ಕೇಳಿದ್ದೀಯ. ಬೈಯಲು ಕೂತರೆ ಅರ್ಧ ನನ್ನ ಪಾಲಿಗೇ ಬರುತ್ತದೆ. ಜನವರಿಯ ಕೊನೆಯಲ್ಲಿ ನಾನು ಕೋರ್ಟಿನ ಮೆಟ್ಟಿಲ ತನಕ ಹೋಗಿದ್ದೆ. ಇದನ್ನು ನಿನಗೂ ಹೇಳಿಲ್ಲ, ಅವರಿಗೂ ಹೇಳಲಿಲ್ಲ. ನಿನ್ನ ಕಾಗದ ಕೈಯಲ್ಲಿತ್ತು. ನನಗೊಂದು ನೆಪ ಬೇಕಿತ್ತು, ನೀನು ಅಂಚೆಯಲ್ಲಿ ಕಳಿಸಿದ್ದೆ. ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು ವಾಪಸ್ಸು ಬಂದೆ. ಉಳಿದರ್ಧ ನಿನ್ನದು. ಅದನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ.

ಸಂಜೆ ಆದರೆ ಈಗಲೂ ಎದ್ದು ಚಿಲಕ ತೆಗೆಯುತ್ತೇನೆ, ಕೈಯ ಅಭ್ಯಾಸ. ಆ ಕಡೆ ಮರದ ಪುಡಿ ಬಿದ್ದದ್ದು ಬಿದ್ದ ಹಾಗೇ ಇದೆ. ಅರ್ಧ ಉಜ್ಜಿದ ಚೌಕಟ್ಟು ಗೋಡೆಗೆ ಒರಗಿದೆ. ಗುಡಿಸಿಲ್ಲ. ಮತ್ತೆ ಚಿಲಕ ಹಾಕಿಕೊಂಡು ಬಂದು ಕೂರುತ್ತೇನೆ.

ನಿನ್ನ ಕಡೆಯ ಬೀಗದ ಕೈ ಪ್ರೆಸ್ಸಿನಲ್ಲಿ ಕೊಟ್ಟಿರುತ್ತೇನೆ. ಬಂದಾಗ ಇಸಿದುಕೊಂಡು ಬೀದಿ ಬಾಗಿಲಿಂದ ನಿನ್ನ ಮನೆಗೆ ಹೋಗು. ನಡುಬಾಗಿಲಿಗೆ ನಿನ್ನ ಕಡೆ ಹಿಡಿಕೆ ಇಲ್ಲ, ಗೊತ್ತಲ್ಲ. ತಟ್ಟು. ತೆಗೆಯಬೇಕು ಅನ್ನಿಸಿದ ದಿನ ತೆಗೆಯುತ್ತೇನೆ.

ಇಂತಿ,
ಪಕ್ಕದ ಮನೆಯವಳು